ಕಿವಿಗೆ ಕಾವಲು ಬಂದ ಕಥೆ

ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರು ಸೇರುವ ತಾಳಮದ್ದಲೆಗಳಲ್ಲಿ ನಾವು ಗಮನಿಸಿದ ಒಂದು ಸಂಗತಿಯುಂಟು. ಮುಂದಿನ ಸಾಲಿನಲ್ಲಿ ಕುಳಿತ ಕೆಲವು ಹಿರಿಯರು ಚೆಂಡೆಯ ಪೆಟ್ಟಿಗೆ ತಲೆದೂಗುತ್ತಾರೆ, ಭಾಗವತರ ಪದಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಾರೆ. ಅರ್ಥಧಾರಿಗಳ ಮಾತು ಆರಂಭವಾದೊಡನೆ ಪಕ್ಕದವರ ಮುಖ ನೋಡತೊಡಗುತ್ತಾರೆ. ಸಭೆ ನಕ್ಕ ಮೇಲೆ ಅವರೂ ನಗುತ್ತಾರೆ. "ಮಾವನಿಗೆ ವಯಸ್ಸಾಯಿತು" ಎಂದು ಮನೆಯವರು ಸುಮ್ಮನಾಗುತ್ತಾರೆ. ವಯಸ್ಸಿನ ಪಾಲೂ ಇರಬಹುದು. ಆದರೆ ಆ ಹಿರಿಯರು 30 ವರ್ಷ ಎಲ್ಲಿ ದುಡಿದರೆಂದು ಕೇಳಿ ನೋಡಿ. ಲೂಮ್ ಖಾತೆ, ಪ್ರೆಸ್ ಶಾಪ್, ಬಾಯ್ಲರು, ಕಂಪ್ರೆಸರ್ ರೂಮು ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ.

ಗದ್ದಲದಿಂದ ಕಿವಿ ಕೆಡುತ್ತದೆಂಬುದು ಹೊಸ ಶೋಧವೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝ್ಝಿನಿ ಕಸುಬುದಾರರ ರೋಗಗಳ ಮೇಲೆ 1700ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ವೆನಿಸ್ ನಗರದಲ್ಲಿ ಒಂದೇ ಕೇರಿಯಲ್ಲಿ ನೆರೆದು ದಿನವಿಡೀ ತಾಮ್ರ ಬಡಿಯುವವರು ಮೊದಲು ಕಿವಿಮಂದರಾಗಿ, ಮುಪ್ಪಿನಲ್ಲಿ ಪೂರ್ತಿ ಕಿವುಡರಾಗುವುದನ್ನು ಅವನು ಕಂಡು ಬರೆದಿದ್ದಾನೆ. ಮುಂಬಯಿಯ ಪಾಯಧುನಿಯಲ್ಲಿ ತಾಂಬಾ ಕಾಂಟಾದ ಕಡೆ ಓಡಾಡಿದವರಿಗೆ ಆ ಕೇರಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ನಮ್ಮ ಈ ಪ್ರದೇಶಕ್ಕೆ ಯಂತ್ರದ ಗದ್ದಲ ಬಂದದ್ದು ರೈಲಿನ ಜೊತೆಗೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕ ಗಾಡಿ ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಉಗಿಬಂಡಿಯೆಂದರೆ ಬಾಯ್ಲರು, ಬಾಯ್ಲರೆಂದರೆ ಆ ಕಾಲದಲ್ಲಿ ಕಬ್ಬಿಣದ ತಗಡುಗಳನ್ನು ರಿವೆಟ್ ಬಡಿದು ಕೂಡಿಸುವ ಕೆಲಸ. ಒಬ್ಬ ಹೊರಗಿನಿಂದ ಬಡಿಯಬೇಕು, ಇನ್ನೊಬ್ಬ ಬಾಯ್ಲರಿನ ಹೊಟ್ಟೆಯೊಳಗೆ ಕುಳಿತು ರಿವೆಟ್ಟನ್ನು ಒತ್ತಿ ಹಿಡಿಯಬೇಕು. ಒಳಗಿದ್ದವನ ಕಿವಿಯ ಗತಿ ಏನಾಗಿರಬೇಕು! ಇಂಗ್ಲಿಷರು ಇದಕ್ಕೆ 'ಬಾಯ್ಲರು ಮಾಡುವವರ ಕಿವುಡು' ಎಂದೇ ಹೆಸರಿಟ್ಟಿದ್ದರು. ಗ್ಲಾಸ್ಗೋ ನಗರದ ಡಾಕ್ಟರ್ ಥಾಮಸ್ ಬಾರ್ 1886ರಲ್ಲಿ 100 ಮಂದಿ ಬಾಯ್ಲರ್ ಕೆಲಸಗಾರರ, 100 ಮಂದಿ ಅಚ್ಚೆರಕದವರ, 100 ಮಂದಿ ಅಂಚೆಯವರ ಕಿವಿಗಳನ್ನು ಪರೀಕ್ಷಿಸಿದ. ಅವನ ಬಳಿ ಇದ್ದ ಉಪಕರಣ ಒಂದು ಜೇಬಿನ ಗಡಿಯಾರ: ಎಷ್ಟು ದೂರದಿಂದ ಅದರ ಟಿಕ್ ಟಿಕ್ ಕೇಳುತ್ತದೆ ಎಂಬುದೇ ಅಳತೆ. ಬಾಯ್ಲರಿನ 100 ಮಂದಿಯಲ್ಲಿ ಒಬ್ಬನ ಕಿವಿಯೂ ಸರಿಯಿರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಒಳಕಿವಿಯಲ್ಲಿ ಶಂಖದಾಕಾರದ ಒಂದು ಅಂಗವಿದೆ. ಅದರೊಳಗೆ ಕೂದಲಿನಂಥ ಕುಚ್ಚುಗಳುಳ್ಳ ಸಾವಿರಾರು ಜೀವಕೋಶಗಳು. ಸದ್ದಿನ ಪೆಟ್ಟಿಗೆ ಇವು ಬಾಗುತ್ತವೆ. ದಿನವೂ ವಿಪರೀತ ಪೆಟ್ಟು ಬಿದ್ದರೆ ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ತಿನ್ನುವುದು ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನ ತೀಕ್ಷ್ಣ ಸ್ವರವನ್ನು ಹಿಡಿಯುವ ಭಾಗ. ಸ, ಶ, ಚ, ತ ಮೊದಲಾದ ವ್ಯಂಜನಗಳು ಸ್ಪಷ್ಟವಾಗಿ ಕೇಳಬೇಕಾದರೆ ಈ ತೀಕ್ಷ್ಣ ಸ್ವರಗಳು ಬೇಕು. ಅವು ಹೋದರೆ ಸ್ವರ ಕೇಳುತ್ತದೆ, ಮಾತು ಒಡೆಯುವುದಿಲ್ಲ. ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ಕಿವುಡನ ಮುಂದೆ ಶಂಖ ಊದಿದಂತೆ ಎಂಬ ಗಾದೆ ಮಾಡಿದವರು ಗಿರಣಿಯ ಕಿವುಡನನ್ನು ಕಂಡಿರಲಿಲ್ಲವೆನ್ನಬೇಕು. ಇವನಿಗೆ ಶಂಖ ಚೆನ್ನಾಗಿಯೇ ಕೇಳುತ್ತದೆ. ಮೊಮ್ಮಗಳು ಏನೆಂದಳೆಂಬುದು ತಿಳಿಯದು. ತಾಳಮದ್ದಲೆಯ ಹಿರಿಯರ ಕಥೆಯೂ ಇದೇ.

ನೇಕಾರರ ಬದುಕಿನಲ್ಲಿ ಇದು ಎಷ್ಟು ಹಾಸುಹೊಕ್ಕಾಗಿತ್ತೆಂದರೆ, ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳ ಹೆಂಗಸರು ತುಟಿಯ ಚಲನೆಯಿಂದಲೇ ಮಾತಾಡುವ ಒಂದು ಭಾಷೆ ಕಟ್ಟಿಕೊಂಡಿದ್ದರು. ನಮ್ಮ ಇಳಕಲ್ಲು, ಗುಳೇದಗುಡ್ಡಗಳ ಕುಣಿಮಗ್ಗಕ್ಕೂ ಸದ್ದಿದೆ. ಆದರೆ ನೇಯುವವನು ದಣಿದಾಗ ಅದೂ ನಿಲ್ಲುತ್ತದೆ. ವಿದ್ಯುತ್ ಮಗ್ಗ ದಣಿಯುವುದಿಲ್ಲ. ಲಾಳಿ ಹೊಡೆಯುವ ಮಗ್ಗಗಳು ಸಾಲಾಗಿ ನಿಂತ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 95 ಡೆಸಿಬಲ್ಲಿನ ಮೇಲೆಯೇ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ ಎಂಬ ಲೆಕ್ಕ ಗೊತ್ತಿದ್ದವರಿಗೆ ಈ ಅಂಕಿಯ ಭಾರ ತಿಳಿದೀತು.

1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಹುಟ್ಟಿತು. ಠಾಣೆಯ ವಾಗ್ಳೆ ಎಸ್ಟೇಟು, ಡೊಂಬಿವಲಿಯ ಎಂ.ಐ.ಡಿ.ಸಿ., ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ರಬಾಳೆ, ಮಹಾಪೆ, ತುರ್ಭೆಗಳ ಕಾರ್ಖಾನೆಗಳು ಬೆಳೆದವು. 1970ರಲ್ಲಿ ಸಿಡ್ಕೊ ಬಂದು ನವಿ ಮುಂಬಯಿ ಕಟ್ಟತೊಡಗಿತು. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಮುಷ್ಕರ ಆರಂಭವಾಗಿ, ಗಿರಣಗಾಂವ್ ಕುಸಿದ ಮೇಲೆ ಕಲ್ಯಾಣದ ನೆರೆಯ ಭಿವಂಡಿಯ ಮಗ್ಗಗಳ ಭರಾಟೆ ಇನ್ನೂ ಏರಿತು. ಕರಾವಳಿಯಿಂದ, ವಿಜಾಪುರ, ಕಲಬುರ್ಗಿ, ಬೆಳಗಾವಿಗಳಿಂದ ಹೊಟ್ಟೆಪಾಡಿಗೆ ಬಂದ ನಮ್ಮವರು ಈ ಎಲ್ಲ ಕಡೆಯೂ ಪಾಳಿ ಮಾಡಿದ್ದಾರೆ. ಕೈಗೆ ಗ್ಲೌಸು ಕೇಳಿದರು, ಕಾಲಿಗೆ ಬೂಟು ಕೇಳಿದರು. ಕಿವಿಗೆ ಏನನ್ನಾದರೂ ಕೇಳಬಹುದೆಂದು ಬಹುಮಂದಿಗೆ ಹೊಳೆಯಲಿಲ್ಲ. ರಕ್ತವಿಲ್ಲ, ನೋವಿಲ್ಲ, ಯಾರು ದೂರುತ್ತಾರೆ?

ಕಿವಿಯ ಕಾವಲಿಗೂ ಒಂದು ಚರಿತ್ರೆಯಿದೆ. ಅದರ ಒಂದೊಂದು ಹೆಜ್ಜೆಯೂ ಇಂದಿನ ಆಯ್ಕೆಗೆ ಉಪಯೋಗಕ್ಕೆ ಬರುವಂಥದು. ಗ್ರೀಕರ ಒಡಿಸ್ಯೂಸನು ಮೋಹಿನಿಯರ ಹಾಡು ಕೇಳದಂತೆ ನಾವಿಕರ ಕಿವಿಗೆ ಮೇಣ ಮೆತ್ತಿದ ಕಥೆಯಿಂದ ಸ್ಫೂರ್ತಿಗೊಂಡು, ಬರ್ಲಿನ್ನಿನ ಔಷಧಿ ವ್ಯಾಪಾರಿ ಮ್ಯಾಕ್ಸ್ ನೆಗ್ವರ್ 1907ರಲ್ಲಿ ಮೇಣ ಮತ್ತು ಹತ್ತಿ ಬೆರೆಸಿ 'ಓರೋಪ್ಯಾಕ್ಸ್' ಗುಳಿಗೆಗಳನ್ನು ಮಾಡಿದ. ಬರಿಯ ಹತ್ತಿಯಿಂದ ಆಗುವ ಪ್ರಯೋಜನ ಅತ್ಯಲ್ಪ. ಗಾಳಿ ನುಸುಳುವಲ್ಲಿ ಸದ್ದೂ ನುಸುಳುತ್ತದೆ. ಹತ್ತಿಯ ಉಂಡೆಯನ್ನು ಇಂದಿಗೂ ನಂಬಿದವರು ಇದನ್ನು ಗಮನಿಸಬೇಕು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನ್ಯ ವಿ-51ಆರ್ ಎಂಬ ರಬ್ಬರಿನ ಪ್ಲಗ್ಗನ್ನು ಬಳಕೆಗೆ ತಂದಿತು. ಅದು ಹಲವು ಅಳತೆಗಳಲ್ಲಿ ಬರುತ್ತಿತ್ತು, ಚಪ್ಪಲಿಯ ಹಾಗೆ. ಒಬ್ಬನದೇ ಎರಡು ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಮುಂದೆ 1967ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕಾರ್ಪೊರೇಶನ್ನಿನ ರಾಸ್ ಗಾರ್ಡನರ್ ಮತ್ತು ಸಂಗಡಿಗರಿಗೆ, ಅದುಮಿದರೆ ಕುಗ್ಗಿ ನಿಧಾನವಾಗಿ ಮತ್ತೆ ಉಬ್ಬುವ ಒಂದು ಫೋಮ್ ಸಿಕ್ಕಿತು. 1972ರಲ್ಲಿ ಅದರ ಪ್ಲಗ್ಗು ಮಾರುಕಟ್ಟೆಗೆ ಬಂತು. ಇಂದು ಕಾರ್ಖಾನೆಗಳಲ್ಲಿ ಕಾಣುವ ಹಳದಿ, ಕಿತ್ತಳೆ ಬಣ್ಣದ ಮೆತ್ತನೆಯ ಪ್ಲಗ್ಗುಗಳೆಲ್ಲ ಅದರ ಸಂತತಿಯೇ. ನಮ್ಮ ದೇಶದಲ್ಲಿ ಕಿವಿ ರಕ್ಷಕಗಳಿಗೆ ಐ.ಎಸ್. 9167 ಎಂಬ ಮಾನಕ ರೂಪುಗೊಂಡದ್ದು 1979ರಲ್ಲಿ.

ಇಷ್ಟೆಲ್ಲ ಆದರೂ ಆಯ್ಕೆಯಲ್ಲಿ ಒಂದು ತಪ್ಪು ಎಲ್ಲೆಡೆ ನಡೆಯುತ್ತಿದೆ. ಪೊಟ್ಟಣದ ಮೇಲೆ ಹೆಚ್ಚು ಡೆಸಿಬಲ್ ಬರೆದಿರುವುದೇ ಒಳ್ಳೆಯದೆಂದು ಭಾವಿಸಿ ಕೊಳ್ಳುತ್ತಾರೆ. ಆ ಅಂಕಿ ಪ್ರಯೋಗಾಲಯದ್ದು. ಶಾಪ್ ಫ್ಲೋರಿನಲ್ಲಿ ಅಷ್ಟು ದೊರಕುವುದು ಅಪರೂಪ. ಅದಕ್ಕಿಂತ ಮುಖ್ಯವಾದದ್ದು ಹಾಕಿಕೊಂಡ ಹೊತ್ತು. 30 ಡೆಸಿಬಲ್ ತಡೆಯುವ ಪ್ಲಗ್ಗನ್ನು 8 ತಾಸಿನ ಪಾಳಿಯಲ್ಲಿ ಅರ್ಧ ತಾಸು ಮಾತ್ರ ತೆಗೆದಿಟ್ಟರೂ, ಶಕ್ತಿಯ ಲೆಕ್ಕದಲ್ಲಿ ಒಟ್ಟು ಲಾಭ 12 ಡೆಸಿಬಲ್ಲಿಗೆ ಇಳಿಯುತ್ತದೆ. ಅರ್ಧ ಪಾಳಿ ತೆಗೆದಿಟ್ಟರೆ ಉಳಿಯುವುದು ಬರಿಯ 3. ನಂಬಲು ಕಷ್ಟ; ನಾವೂ ಕಾಗದದ ಮೇಲೆ ಎರಡು ಸಲ ಲೆಕ್ಕ ಹಾಕಿ ನೋಡಿದೆವು.

ಹಾಗಾದರೆ ಜನ ತೆಗೆಯುವುದೇಕೆ? ಜೊತೆಗಾರನ ಮಾತು ಕೇಳಬೇಕು, ಕ್ರೇನಿನ ಗಂಟೆ, ಫೋರ್ಕ್‌ಲಿಫ್ಟಿನ ಹಾರ್ನು ಕೇಳಬೇಕು. ಯಂತ್ರದ ಸದ್ದಿನಲ್ಲಿ ಬದಲಾವಣೆಯಾದರೆ ಗೊತ್ತಾಗಬೇಕು. ಇವು ಸೋಮಾರಿತನದ ಕಾರಣಗಳಲ್ಲ. ಆದ್ದರಿಂದ ಕಿವಿಯೊಳಗೆ ತಲಪುವ ಸದ್ದು 75–80 ಡೆಸಿಬಲ್ ಇರುವಷ್ಟು ತಡೆ ಸಾಕು. 95ರ ಶೆಡ್ಡಿಗೆ ಅತಿ ಬಲವಾದ ಪ್ಲಗ್ಗು ಕೊಟ್ಟು ಮನುಷ್ಯನನ್ನು ಬಾವಿಯೊಳಗೆ ಇಳಿಸಿದಂತೆ ಮಾಡಿದರೆ ಅವನು ಅದನ್ನು ಕಿತ್ತು ಜೇಬಿಗೆ ಹಾಕುತ್ತಾನೆ, ಅಷ್ಟೆ. 110 ಮುಟ್ಟುವ ಕಡೆ ಮಾತು ಬೇರೆ. ಅಲ್ಲಿ ಪ್ಲಗ್ಗಿನ ಮೇಲೆ ಮಫ್ ಕೂಡ ಬೇಕು. ಆದರೆ ಎರಡೂ ಸೇರಿದಾಗ ಅಂಕಿಗಳು ಕೂಡುವುದಿಲ್ಲ. ಸಿಗುವ ಹೆಚ್ಚಿನ ತಡೆ 5ರಿಂದ 10 ಡೆಸಿಬಲ್ ಮಾತ್ರ.

ನಮ್ಮ ಹವೆಯನ್ನೂ ಮರೆಯುವಂತಿಲ್ಲ. ಕೊಂಕಣದ ಬೇಸಗೆಯಲ್ಲಿ ಮಫ್ ಹಾಕಿದರೆ ಕಿವಿಯ ಸುತ್ತ ಬೆವರು ಹರಿಯುತ್ತದೆ. ಕನ್ನಡಕದವರಿಗೆ ಅದರ ಕಡ್ಡಿಯ ಸಂದಿನಿಂದ ಸದ್ದು ನುಗ್ಗುತ್ತದೆ. ಇಂಥವರಿಗೆ ಪ್ಲಗ್ಗು ವಾಸಿ. ಆದರೆ ಎಣ್ಣೆ, ಗ್ರೀಸು ಹತ್ತಿದ ಕೈಯಲ್ಲಿ ಫೋಮ್ ಹೊಸೆದರೆ ಆ ಕೊಳೆಯೆಲ್ಲ ಕಿವಿಗೆ. ಫಿಟರು, ಮೆಕ್ಯಾನಿಕ್ಕುಗಳಿಗೆ ಹಿಡಿಯಿರುವ, ದಾರ ಕಟ್ಟಿದ, ತೊಳೆಯಬಹುದಾದ ರಬ್ಬರ್ ಪ್ಲಗ್ಗು ಮೇಲು. ಆಗಾಗ ಗದ್ದಲದ ಕೋಣೆಗೆ ಹೋಗಿ ಬರುವ ಸೂಪರ್‌ವೈಸರಿಗೆ ಥಟ್ಟನೆ ಹಾಕಿ ತೆಗೆಯಬಹುದಾದ ಮಫ್ ಅನುಕೂಲ. ಮಳೆಗಾಲದಲ್ಲಿ ಕಿವಿ ಸೋರುವವರು ಪ್ಲಗ್ಗು ಹಾಕದೆ ಡಾಕ್ಟರಿಗೆ ತೋರಿಸಬೇಕು. ಫೋಮ್ ಹಾಕುವುದಕ್ಕೂ ಒಂದು ಕ್ರಮವಿದೆ. ಮಡಿಕೆ ಬೀಳದಂತೆ ಊದುಬತ್ತಿಯ ಹಾಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಪ್ಲಗ್ಗಿನ ಅರ್ಧ ಹೊರಗೆ ಇಣುಕುತ್ತಿದ್ದರೆ ಹಾಕಿಯೂ ಹಾಕದಂತೆ.

ಕಾಯ್ದೆ ಬಹಳ ತಡವಾಗಿ ಬಂತು. 1948ರ ಫ್ಯಾಕ್ಟರಿ ಕಾಯ್ದೆಗೆ ಮುಂದೆ ತಿದ್ದುಪಡಿಯಾದಾಗ ಗದ್ದಲದ ಕಿವುಡು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿತು; 2020ರ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ. ರಾಮಝ್ಝಿನಿಯ ಗ್ರಂಥದಿಂದ ಎಣಿಸಿದರೆ ಶತಮಾನಗಳೇ! ಕೇಂದ್ರದ ಮಾದರಿ ನಿಯಮಗಳು 90 ಡೆಸಿಬಲ್ಲಿಗೆ 8 ತಾಸು, 95ಕ್ಕೆ 4, 100ಕ್ಕೆ 2 ತಾಸು ಎಂದು ಮಿತಿ ಹಾಕಿದವು. ಮೊದಲು ಸದ್ದನ್ನು ಯಂತ್ರದಲ್ಲೇ ತಗ್ಗಿಸಬೇಕು, ಅದಾಗದಿದ್ದರೆ ಕಿವಿಗೆ ರಕ್ಷಣೆ ಎಂಬುದು ಅವುಗಳ ಕ್ರಮ. ಮಿತಿ ಮೀರಿದ ಕಡೆ ಕೆಲಸಕ್ಕೆ ಸೇರಿದ 14 ದಿನಗಳೊಳಗೆ, ಆಮೇಲೆ ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆಯಾಗಬೇಕೆಂದೂ ಹೇಳಿದವು. ಆದರೆ 1948ರ ಕಾಯ್ದೆ ವಿದ್ಯುತ್ತಿರುವ ಕಡೆ 10 ಮಂದಿ ಇದ್ದರೆ ಮಾತ್ರ ಕಾರ್ಖಾನೆಯೆಂದು ಎಣಿಸುತ್ತಿತ್ತು. ನಾಲ್ಕಾರು ಮಂದಿ ನಡೆಸುವ ಮಗ್ಗದ ಶೆಡ್ಡು ಆ ಬಲೆಯ ಕಣ್ಣಿನಿಂದ ಸಲೀಸಾಗಿ ನುಣುಚಿಕೊಂಡಿತು. ನಮ್ಮವರಲ್ಲಿ ಅನೇಕರು ಅಂಥ ಶೆಡ್ಡುಗಳಲ್ಲೇ ಇದ್ದರು.

ಕಿವಿ ಕೆಟ್ಟವರಿಗೆ ಪರಿಹಾರದ ದಾರಿಯೂ ಇಲ್ಲದಿರಲಿಲ್ಲ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ, 1948ರ ಇ.ಎಸ್.ಐ. ಕಾಯ್ದೆಯ ಪಟ್ಟಿಯಲ್ಲಿ ಗದ್ದಲದಿಂದಾದ ಕಿವುಡನ್ನು ಉದ್ಯೋಗ ರೋಗವೆಂದೇ ಸೇರಿಸಲಾಯಿತು. ತೊಡಕು ಪುರಾವೆಯದು. ಸೇರಿದಾಗ ಕಿವಿ ಹೇಗಿತ್ತೆಂಬ ಕಾಗದವಿಲ್ಲದಿದ್ದರೆ, ಇದು ಗಿರಣಿಯ ಕಿವುಡೋ ವಯಸ್ಸಿನ ಕಿವುಡೋ ಎಂಬ ವಾದ ಮುಗಿಯುವುದೇ ಇಲ್ಲ. ಈಗ ಎಂ.ಐ.ಡಿ.ಸಿ.ಗೆ ಹೋಗುತ್ತಿರುವ ತಮ್ಮ ತಂಗಿಯರು ಮೊದಲ ಪರೀಕ್ಷೆಯ ಆಡಿಯೋಗ್ರಾಮಿನ ಒಂದು ಪ್ರತಿ ಕೇಳಿ ಪಡೆದು, ಪಿ.ಎಫ್. ಕಾಗದಗಳ ಜೊತೆಗೆ ಮನೆಯ ಟ್ರಂಕಿನಲ್ಲಿ ಇಟ್ಟುಕೊಳ್ಳುವುದೊಳ್ಳೆಯದು.