ಕಿರ್ದಿಯಲ್ಲಿ ಇಲ್ಲದ ಹೆಸರು

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದ ವಿಷಯ ಇದು. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

2019ರ ಮಳೆಗಾಲ. ನಾನು ಮಂಚಿಕೇರಿ ಕಡೆಯ ಅಜ್ಜನಮನೆಗೆ ಹೋಗಿದ್ದೆ. ಸಂಜೆ ಹೊತ್ತಿಗೆ ಅಂಗಳದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬ ಹುಡುಗ ಬಂದು ನಿಂತ. ಸಿದ್ದಿಯರ ಕೇರಿಯವನು. ಅವನ ಅಜ್ಜ ನಮ್ಮ ಅಜ್ಜನಮನೆಯ ತೋಟದಲ್ಲಿ ಆಯುಷ್ಯವಿಡೀ ದುಡಿದವನು. ಹುಡುಗ ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಕಾಗದ ತೆಗೆದು ಮಾವನಿಗೆ ಕೊಟ್ಟ. ಅವರು ಬೆಟ್ಟದ ಅಂಚಿನಲ್ಲಿ ಸಾಗುವಳಿ ಮಾಡುತ್ತಿದ್ದ ಜಾಗಕ್ಕೆ ಹಾಕಿದ್ದ ಅರಣ್ಯ ಹಕ್ಕಿನ ಅರ್ಜಿ ಸಾಕ್ಷ್ಯ ಸಾಲದು ಅಂತ ಹಿಂದೆಯೇ ತಿರಸ್ಕೃತವಾಗಿತ್ತು. ಈಗ ಮರುಪರಿಶೀಲನೆ.

"ಹೆಗಡೇರೆ, ನಿಮ್ಮ ಹಳೇ ಲೆಕ್ಕದ ಪುಸ್ತಕದಲ್ಲಿ ನಮ್ಮ ಅಜ್ಜಂದು ಎಂತಾದ್ರೂ ಇದ್ರೆ ನೋಡಿಕೊಡಿ" ಅಂದ.

ಮಾವ ನನ್ನ ಕಡೆ ತಿರುಗಿ, "ತಮಾ, ಮೆತ್ತಿನ ಮೇಲೆ ಅಪ್ಪನ ಕಾಲದ ಕಿರ್ದಿ ಇದ್ದು, ಇಳಿಸು" ಅಂದರು.

ಆ ಕಿರ್ದಿಗಳನ್ನು ನೋಡಿದ ಮೇಲೆ ನನಗೆ ಆದದ್ದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ. ಆ ರಾತ್ರಿಯ ನಂತರ ನಾನು ಓದಿಕೊಂಡದ್ದು ಇದನ್ನೇ.

ಸಿದ್ದಿಯರು ಆಫ್ರಿಕಾ ಮೂಲದವರು ಅನ್ನುವುದು ನಿಮಗೆಲ್ಲ ಗೊತ್ತಿರುತ್ತದೆ. ಇಂಡಿಯಾಕ್ಕೆ ಬಂದ ಆಫ್ರಿಕನ್ನರೆಲ್ಲ ಗುಲಾಮರಾಗಿಯೇ ಉಳಿಯಲಿಲ್ಲ. ಅಹಮದನಗರದಲ್ಲಿ ಆಡಳಿತದ ಸೂತ್ರ ಹಿಡಿದ ಮಲಿಕ್ ಅಂಬರ್ ಇದ್ದ, ಸಮುದ್ರದ ನಡುವೆ ಜಂಜೀರಾ ಕೋಟೆ ಆಳಿದ ಸಿದ್ದಿಗಳಿದ್ದರು. ಆದರೆ ನಮ್ಮ ಯಲ್ಲಾಪುರ, ಹಳಿಯಾಳ, ಶಿರಸಿ, ಅಂಕೋಲಾದ ಕಾಡಿನ ಸಿದ್ದಿಯರಲ್ಲಿ ಬಹುಪಾಲು ಮಂದಿಯ ಕಥೆ ಗೋವೆಯಿಂದ ಶುರುವಾಗುತ್ತದೆ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತಂದು ಮಾರಿದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರು.

ಇಲ್ಲಿ ಯುರೋಪಿನ ಕಾನೂನಿನ ಒಂದು ಸೋಜಿಗ ಇದೆ. ಪೋರ್ಚುಗಲ್ ದೇಶ 1761ರಲ್ಲೇ ತನ್ನ ನೆಲಕ್ಕೆ ಹೊರಗಿಂದ ತಂದ ಗುಲಾಮರು ಸ್ವತಂತ್ರರು ಅಂತ ಸಾರಿತು. ಆದರೆ ಅದು ಲಿಸ್ಬನ್ನಿನ ನೆಲಕ್ಕೆ ಮಾತ್ರ, ಗೋವೆಗಲ್ಲ! ಅದರ ಸಾಮ್ರಾಜ್ಯದಲ್ಲೆಲ್ಲ ಗುಲಾಮಗಿರಿ ರದ್ದಾಗಿದೆ ಅನ್ನುವ ಆಜ್ಞೆ ಬಂದದ್ದು 1869ರಲ್ಲಿ. ಈ ಕಡೆ ಇಂಗ್ಲಿಷರ ಇಂಡಿಯಾದಲ್ಲಿ 1843ರ ಐದನೇ ಕಾಯ್ದೆ ಬಂದು, ಇನ್ನು ಯಾವ ಕೋರ್ಟೂ ಒಬ್ಬನನ್ನು ಇನ್ನೊಬ್ಬನ ಸ್ವತ್ತು ಅಂತ ಒಪ್ಪುವಂತಿಲ್ಲ ಅಂದಿತು. ಅಂದರೆ ಆ ಇಪ್ಪತ್ತಾರು ವರ್ಷ, ಕಾನೂನಿನ ಲೆಕ್ಕದಲ್ಲಿ, ಗೋವೆಗೂ ಕೆನರಾ ಜಿಲ್ಲೆಗೂ ನಡುವಿನ ಕಾಡಿನ ಗಡಿ ದಾಟಿದವನು ಗುಲಾಮನಾಗಿ ಹೊರಟು ಸ್ವತಂತ್ರನಾಗಿ ತಲುಪುತ್ತಿದ್ದ.

ಸ್ವತಂತ್ರನಾಗಿ ತಲುಪಿ ಮಾಡುವುದೇನು? ಹೊಟ್ಟೆಗೆ ಬೇಕಲ್ಲ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಆಗ ಈ ಕಡೆಯ ಎಷ್ಟೋ ಜನರ ಬದುಕು. ಹತ್ತೊಂಬತ್ತನೇ ಶತಮಾನದ ನಡುಭಾಗದಿಂದ ಸರ್ಕಾರ ಅದನ್ನು ಬಿಗಿ ಮಾಡುತ್ತಾ ಬಂತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂತು. ತೇಗ, ಮತ್ತಿ ಎಲ್ಲ ಸರ್ಕಾರದ ಸೊತ್ತಾಯಿತು. ಕುಮರಿಯವನು ಕಾಡು ಹಾಳುಮಾಡುವವನು ಅನ್ನಿಸಿಕೊಂಡ.

ಅದೇ ಹೊತ್ತಿನಲ್ಲಿ ನಮ್ಮಂಥವರ ಮನೆಗೆ ಏನಾಯಿತು ಗೊತ್ತಾ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಸಿಕ್ಕಿತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡು, ಸೊಪ್ಪು ದರಕು ತರುವುದಕ್ಕೆ! ನಾನು ಚಿಕ್ಕವನಿದ್ದಾಗ ಬೆಟ್ಟ ಅಂದರೆ ದೇವರೇ ನಮ್ಮ ಮನೆಗೆ ಬರೆದುಕೊಟ್ಟದ್ದು ಅಂದುಕೊಂಡಿದ್ದೆ. ಬರೆದುಕೊಟ್ಟದ್ದು ಸರ್ಕಾರ. ಯಾಕೆ ಕೊಟ್ಟಿತು ಅಂದರೆ ತೋಟಕ್ಕೆ ಪಹಣಿ ಇತ್ತು, ಕಂದಾಯ ಕಟ್ಟಿದ ರಶೀದಿ ಇತ್ತು, ಅರ್ಜಿ ಬರೆಯುವುದಕ್ಕೆ ಅಕ್ಷರ ಇತ್ತು. ಬೆಟ್ಟದಿಂದ ಆ ಸೊಪ್ಪನ್ನು ತಲೆಮೇಲೆ ಹೊತ್ತು ತಂದವರಿಗೆ ಇವು ಯಾವುದೂ ಇರಲಿಲ್ಲ.

ಹಾಗಂತ ನಮ್ಮ ಹಿರಿಯರು ಸುಖವಾಗಿ ಕೂತಿದ್ದರು ಅಂತ ಹೇಳುತ್ತಿಲ್ಲ. 1930-32ರ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕಿನ ರೈತರು ಜಮೀನು ಕಳೆದುಕೊಂಡರು. ಸರ್ಕಾರ ಅದನ್ನು ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಆ ತಾಯಂದಿರ ಸ್ಮಾರಕವಿದೆ, ಜೋಗಕ್ಕೆ ಹೋಗುವಾಗ ಒಮ್ಮೆ ಇಳಿದು ನೋಡಿ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಾನೂನು ಮಾಡಿಯೇ ಆ ಜಮೀನುಗಳನ್ನು ಮರಳಿಸುವ ಏರ್ಪಾಡಾಯಿತು. ಮನಸ್ಸು ಮಾಡಿದರೆ ಕಾನೂನಿಗೆ ಕಳೆದದ್ದನ್ನು ಹಿಂದೆ ಕೊಡಲಿಕ್ಕೂ ಬರುತ್ತದೆ ಅನ್ನುವುದನ್ನು ಈ ನೆಲ ಅಷ್ಟು ಹಿಂದೆಯೇ ಕಂಡಿದೆ. ಆದರೆ ಹಿಂದೆ ಕೊಡಬೇಕಾದರೆ, ಹಿಂದೆ ನಿನ್ನದಾಗಿತ್ತು ಅನ್ನುವುದಕ್ಕೆ ಕಾಗದ ಬೇಕು!

1950ರಲ್ಲಿ ಸಂವಿಧಾನ ಬಂತು. ಸಿದ್ದಿಯರೂ ಎಲ್ಲರಂತೆ ಪ್ರಜೆಗಳಾದರು. 23ನೇ ವಿಧಿ ಬಿಟ್ಟಿ ದುಡಿಮೆ ನಿಷೇಧಿಸಿತು. ಜೀತ ಮಾತ್ರ ಹೋಗಲಿಲ್ಲ. ಅದಕ್ಕೆ ಬೇರೆ ಕಾನೂನೇ ಬೇಕಾಯಿತು, 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ. ಮದುವೆಗೆ ತಗೊಂಡ ಸಾಲಕ್ಕೆ ತೋಟದ ಮನೆಯಲ್ಲಿ ವರ್ಷಗಟ್ಟಲೆ ದುಡಿಯುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ನಮ್ಮ ಮನೆಯಲ್ಲಿ ಅದನ್ನು ಜೀತ ಅನ್ನುತ್ತಿರಲಿಲ್ಲ, "ಮನೆ ಆಳು" ಅನ್ನುತ್ತಿದ್ದರು. ಏಳು ವರ್ಷದ ನಾನು ಅರವತ್ತು ದಾಟಿದ ಆ ಸಿದ್ದಿ ಅಜ್ಜನನ್ನು "ನೀನು" ಅಂತಿದ್ದೆ. ಅವನು ನನ್ನನ್ನು "ಸಣ್ಣ ಹೆಗಡೇರು" ಅಂತಿದ್ದ. ಈಗಲೂ ಇಲ್ಲಿ ಬರೆಯುವಾಗ "ಅವನು" ಅಂತಲೇ ಬಂತು ನೋಡಿ... ತಿದ್ದದೆ ಹಾಗೇ ಬಿಟ್ಟಿದ್ದೇನೆ.

1980ರ ದಶಕದಲ್ಲಿ ಹೊರಗಿನ ಲೋಕ ಸಿದ್ದಿಯರನ್ನು ಕಂಡಿತು. ಕ್ರೀಡಾ ಪ್ರಾಧಿಕಾರದವರು ಬಂದು ಓಟಕ್ಕೆ ಹುಡುಗ ಹುಡುಗಿಯರನ್ನು ಆರಿಸಿಕೊಂಡು ಹೋದರು. ಕೆಲವರು ಪದಕ ತಂದರು, ಆಮೇಲೆ 1990ರ ದಶಕದಲ್ಲಿ ಆ ಯೋಜನೆಯೇ ನಿಂತುಹೋಯಿತು. ನೀನಾಸಂನವರು ಮಂಚಿಕೇರಿಗೆ ಬಂದು ಚಿನುವಾ ಅಚಿಬೆಯ ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಅಂತ ಸಿದ್ದಿ ಕಲಾವಿದರಿಂದಲೇ ಆಡಿಸಿದರು. ತೋಟದಲ್ಲಿ ದಿನಾ ನೋಡುತ್ತಿದ್ದ ಮುಖಗಳನ್ನು ರಂಗದ ಮೇಲೆ ಕಂಡು ಊರು ಬೆರಗಾಯಿತಂತೆ.

ಆದರೆ ಪದಕದಿಂದಲೂ ನಾಟಕದಿಂದಲೂ ಜಮೀನು ಸಿಗುವುದಿಲ್ಲ. ಬೇಕಾದದ್ದು ಪಟ್ಟಿಯಲ್ಲಿ ಒಂದು ಹೆಸರು. ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಪರಿಶಿಷ್ಟ ಜಾತಿಯ ಪಟ್ಟಿಗೆ ಧರ್ಮದ ಷರತ್ತು ಇದೆ, ಮುಸ್ಲಿಮರಿಗೂ ಕ್ರೈಸ್ತರಿಗೂ ಅಲ್ಲಿ ಜಾಗ ಇಲ್ಲ. ಪರಿಶಿಷ್ಟ ಪಂಗಡಕ್ಕೆ ಆ ಷರತ್ತು ಇಲ್ಲ. ಹಾಗಾಗಿ ಮೂರೂ ಧರ್ಮದ ಸಿದ್ದಿಯರಿಗೆ ಒಟ್ಟಿಗೆ ಇದ್ದ ಬಾಗಿಲು ಅದೊಂದೇ. ಆ ಬಾಗಿಲು ತೆರೆದದ್ದು 2003ರ ಜನವರಿಯಲ್ಲಿ. ಅದೂ ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ. ಜಿಲ್ಲೆಯ ಗಡಿಯಾಚೆ ಧಾರವಾಡ, ಬೆಳಗಾವಿಯಲ್ಲಿದ್ದ ನೆಂಟರು 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಕರ್ನಾಟಕದ ಶಾಸಕಾಂಗ ಹೊಕ್ಕ ಮೊದಲ ಸಿದ್ದಿ.

ಪಟ್ಟಿಯ ಹೆಸರು ಎಷ್ಟು ದೊಡ್ಡದು ಅಂತ ಗೊತ್ತಾದದ್ದು 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ. ಪರಿಶಿಷ್ಟ ಪಂಗಡದವನಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಜಾಗ ಸಾಗುವಳಿಯಲ್ಲಿತ್ತು ಅಂತ ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಯಾದರೆ ಅದಕ್ಕೂ 75 ವರ್ಷ ಹಿಂದಿನಿಂದ ಆ ಕಾಡಿನಲ್ಲಿ ಇದ್ದವರು ಅಂತ ತೋರಿಸಬೇಕು, ಅಂದರೆ 1930ರಿಂದ! ಸಿದ್ದಿ ಹುಡುಗನ ಗದ್ದೆಯ ಪಕ್ಕದಲ್ಲೇ ಕರಿ ಒಕ್ಕಲಿಗರ ಒಂದು ಮನೆ ಇದೆ. ಅದೇ ಹಳ್ಳ, ಅದೇ ಕಾಡುಹಂದಿಯ ಕಾಟ. ಒಬ್ಬನಿಗೆ 2005ರ ಸಾಕ್ಷಿ ಸಾಕು, ಇನ್ನೊಬ್ಬನಿಗೆ ಮೂರು ತಲೆಮಾರಿನದು ಬೇಕು. ಸಿದ್ದಿಗೆ ಸಿಕ್ಕದ್ದು ಹೆಚ್ಚಾಯಿತು ಅಂತ ನಾನು ಹೇಳುತ್ತಿಲ್ಲ. ಓದು ಬರಹವೇ ಇಲ್ಲದವರ ಹತ್ತಿರ 1930ರದನ್ನು ಕೇಳುವುದು ಯಾವ ನ್ಯಾಯ ಅಂತ ಕೇಳುತ್ತಿದ್ದೇನೆ.

ಪಕ್ಕದ ಮುಂಡಗೋಡಿನ ಕಥೆ ಇದರ ತಿರುಗುಮುರುಗು. 1959ರಲ್ಲಿ ದೇಶ ಬಿಟ್ಟು ಬಂದ ಟಿಬೆಟ್ಟಿನವರಿಗೆ 1966ರಲ್ಲಿ ಅಲ್ಲಿ ಸುಮಾರು 4000 ಎಕರೆಯಲ್ಲಿ ನೆಲೆ ಕೊಟ್ಟರು. ಒಳ್ಳೆಯ ಕೆಲಸ, ಮನೆ ಕಳೆದುಕೊಂಡವರಿಗೆ ಕೊಡಲೇಬೇಕಾದ್ದು. ಆದರೆ ಅವರು ನೋಂದಣಿ ಪತ್ರ ಹಿಡಿದ ವಿದೇಶಿಗಳಾಗಿಯೇ ಉಳಿದರು. 1950ರಿಂದ 1987ರ ಜೂನ್‌ವರೆಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಪೌರತ್ವ ಕಾಯ್ದೆಯಲ್ಲೇ ಇದೆ. ಅದು ಟಿಬೆಟ್ಟಿನವರಿಗೂ ಅನ್ವಯ ಅಂತ ಹೇಳಿಸಿಕೊಳ್ಳಲು 2010ರಲ್ಲಿ ದೆಹಲಿ ಹೈಕೋರ್ಟಿಗೆ, 2013ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋಗಬೇಕಾಯಿತು. ಅವರಿಗೆ ನೆಲ ಸಿಕ್ಕಿತು, ಪೌರತ್ವ ಇಲ್ಲ. ಸಿದ್ದಿಯರಿಗೆ ಪೌರತ್ವ ಇತ್ತು, ನೆಲ ಇಲ್ಲ.

ಯುರೋಪಿನವರ ಮೂಲಭೂತ ಹಕ್ಕುಗಳ ಸನ್ನದು ಅಂತ ಒಂದಿದೆ. 2000ದಲ್ಲಿ ಸಾರಿದ್ದು. ಅದರ ಐದನೇ ವಿಧಿ ಗುಲಾಮಗಿರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಅದಕ್ಕೆ ಕಾನೂನಿನ ಬಲ ಕೊಟ್ಟ ಒಪ್ಪಂದಕ್ಕೆ ಸಹಿ ಬಿದ್ದದ್ದು 2007ರ ಡಿಸೆಂಬರಿನಲ್ಲಿ, ಲಿಸ್ಬನ್ ನಗರದಲ್ಲಿ! ನಮ್ಮ ಅರಣ್ಯ ಹಕ್ಕು ಕಾಯ್ದೆ ಜಾರಿಗೆ ಬಂದದ್ದೂ ಅದೇ ತಿಂಗಳ ಕೊನೆಯ ದಿನ. ಅಲ್ಲಿಯವರು ಪ್ರಜೆ, ಅಲ್ಪಸಂಖ್ಯಾತ, ವಲಸಿಗ ಅಂತ ಬೇರೆ ಬೇರೆ ಮಾಡಿ ಹಕ್ಕಿನ ಮಾತಾಡುತ್ತಾರೆ. ನಮ್ಮ ಕಾಡಿನಲ್ಲಿ ಒಬ್ಬನೇ ಸಿದ್ದಿ ಈ ಮೂರೂ ಆಗಿದ್ದಾನೆ. ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಇಂಗ್ಲಿಷಿನಲ್ಲಿ "ಯಾವ ದೇಶ?" ಅಂತ ಕೇಳುತ್ತಾರಂತೆ ಆ ಹುಡುಗನಿಗೆ. "ಯಲ್ಲಾಪುರ" ಅಂತಾನಂತೆ.

ಈಗ ಆ ರಾತ್ರಿಗೆ ಬರುತ್ತೇನೆ.

ಮೆತ್ತಿನಿಂದ ಹನ್ನೊಂದು ಕಿರ್ದಿ ಇಳಿಸಿದೆ. ಅಜ್ಜನ ಮುತ್ತಿನಂಥ ಅಕ್ಷರ. ಯಾವ ಸಾಹುಕಾರರಿಗೆ ಎಷ್ಟು ಅಡಿಕೆ, ಕೊನೆಗೌಡನಿಗೆ ಎಷ್ಟು, ಶಿರಸಿ ಮಾರಿಜಾತ್ರೆಗೆ ಎಷ್ಟು ಖರ್ಚು, ಎಲ್ಲ ಇತ್ತು. ಎತ್ತು ಕೊಂಡದ್ದಿತ್ತು, ಅವುಗಳ ಹೆಸರೂ ಇತ್ತು. ಆ ಅಜ್ಜನ ಲೆಕ್ಕವೂ ಇತ್ತು: "ಸಿದ್ದಿಗೆ ಅಕ್ಕಿ 2 ಸೇರು." "ಸಿದ್ದಿಗೆ ಕಂಬಳಿ 1." "ಸಿದ್ದಿ ಮದುವೆ ಬಾಬ್ತು ಸಾಲ." ಪುಟ ತಿರುವಿದಷ್ಟೂ ಸಿದ್ದಿ, ಸಿದ್ದಿ, ಸಿದ್ದಿ. ಹನ್ನೊಂದು ಪುಸ್ತಕದಲ್ಲಿ ಒಂದು ಕಡೆಯೂ ಹೆಸರಿಲ್ಲ.

ಹುಡುಗ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ನಾನು ಪುಸ್ತಕ ಮುಚ್ಚಿದೆ.

ಕಾಯ್ದೆಯ ನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ. ಕಾಗದವೇ ಬೇಕೆಂದಿಲ್ಲ, ಅರ್ಜಿದಾರನಲ್ಲದ ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಗದ್ದೆಯ ಬದು, ಸಮಾಧಿ ಇವೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಬಗೆಯದು ಇರಬೇಕು, ಅಷ್ಟೇ. ಇದನ್ನು ಮಾವನಿಗೆ ಹೇಳಿದೆ. ಎಂಬತ್ತು ದಾಟಿದ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಂಗೆ ನೆನಪಿದ್ದಷ್ಟು ಹೇಳ್ತೆ, ನೀ ಬರಿ" ಅಂದರು.

ಬರೆಯಲು ಕೂತೆ. ಮೊದಲ ಸಾಲಿನಲ್ಲೇ ನಿಂತಿತು. ಹೆಸರು ಬೇಕಲ್ಲ! ಮಾವ ನನ್ನ ಮುಖ ನೋಡಿದರು, ನಾನು ಮಾವನ ಮುಖ ನೋಡಿದೆ. "ನಂಗ ಎಲ್ಲ ಸಿದ್ದಿ ಹೇಳೇ ಕರೀತಿದ್ಯ..." ಅಂದರು ಮೆಲ್ಲಗೆ. ಆಮೇಲೆ ಬಾಗಿಲ ಕಡೆ ತಿರುಗಿ, "ನಿನ್ನ ಅಜ್ಜನ ಹೆಸರು ಎಂತದೋ?" ಅಂತ ಕೇಳಿದರು.

ಹುಡುಗ ಹೇಳಿದ. ಅಜ್ಜನದ್ದು, ಅಜ್ಜನ ಅಪ್ಪನದ್ದು, ಅವರು ಮೊದಲು ಬಂದು ಕೂತ ಬೆಟ್ಟದ್ದು, ಎಲ್ಲ ಹೇಳಿದ. ಬರೆದುಕೊಂಡೆ. ಒಂದೂವರೆ ಪುಟ ಆಯಿತು. ಮಾವ ಸಹಿ ಹಾಕಿದರು. ಮಾರನೇ ದಿನ ಪಕ್ಕದ ಕರಿ ಒಕ್ಕಲಿಗರೂ ಬಂದರು, ಅವರಿಗೂ ಬರೆದುಕೊಟ್ಟೆವು. 1930 ಮುಟ್ಟಲಿಲ್ಲ. ಮಾವ ಹುಟ್ಟಿದ್ದೇ ಆಮೇಲೆ.

ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನರ ಊರಮನೆಯಲ್ಲಿ ಇಂಥ ಕಿರ್ದಿಗಳು ಗೆದ್ದಲು ತಿನ್ನುತ್ತಾ ಬಿದ್ದಿರುತ್ತವೆ. ಮುಂದಿನ ಸಲ ಹೋದಾಗ ಇಳಿಸಿ ನೋಡಿ. ಹೆಸರು ಇದ್ದರೆ ಅದು ಯಾರದ್ದೋ ಅವರ ಮನೆಗೆ ತಲುಪಿಸಿ. ಇಲ್ಲದಿದ್ದರೆ, ಮನೆಯ ಹಿರಿಯರು ಇರುವಷ್ಟರಲ್ಲಿ ಕೇಳಿ ಬರೆದಿಡಿ. ನಮ್ಮ ಮಾವ ಈಗಿಲ್ಲ. ಆ ಒಂದೂವರೆ ಪುಟ ಇದೆ.