‘ಕ್ರೆಡಿಟ್’ ಮತ್ತು ಶ್ರದ್ಧೆ

ಚಿಂತಾಮಣಿಯ ಅಂಗಡಿಬೀದಿಯಲ್ಲಾಗಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾಗಲಿ ‘ಕ್ರೆಡಿಟ್’ ಎಂಬ ಇಂಗ್ಲಿಷ್ ಮಾತು ಕಿವಿಗೆ ಬೀಳದ ದಿನವಿಲ್ಲ. ಸಾಲವಾಗಿ ಕೊಟ್ಟ ಸರಕೂ ಕ್ರೆಡಿಟ್. ಗೂಡು ಮಾರಿದ ರೈತನ ಬ್ಯಾಂಕ್ ಖಾತೆಗೆ ಸೇರಿದ ಹಣವೂ ಕ್ರೆಡಿಟ್. ಒಂದು ಸಾಲ, ಇನ್ನೊಂದು ಜಮಾ. ಪರಸ್ಪರ ವಿರುದ್ಧವೆಂದು ತೋರುವ ಈ ಅರ್ಥಗಳು ಒಂದೇ ಶಬ್ದದಲ್ಲಿ ಹೇಗೆ ನೆಲೆಸಿದವು ಎಂಬುದು ವಿಚಾರಾರ್ಹವಾಗಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಕ್ರೇದೆರೆ’ ಎಂದರೆ ನಂಬುವುದು. ‘ಕ್ರೇದಿತುಂ’ ಎಂದರೆ ನಂಬಿ ಒಪ್ಪಿಸಿದ್ದು. ಇಟಾಲಿಯನ್, ಫ್ರೆಂಚ್ ಭಾಷೆಗಳ ಮೂಲಕ ಈ ಶಬ್ದವು 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಅದಕ್ಕೆ ಮುನ್ನವೇ, 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಲೂಕಾ ಪಾಚೋಲಿಯು ಅಲ್ಲಿನ ವರ್ತಕರ ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ವಿವರಿಸಿದ್ದನು. ನಮ್ಮನ್ನು ನಂಬಿ ಕೊಟ್ಟವರ ಖಾತೆಗೆ ಕ್ರೆಡಿಟ್ ಬರೆಯುವುದು ಆ ಪದ್ಧತಿಯ ನಿಯಮ. ನಾವಿಟ್ಟ ಹಣ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಆಗಿ ಕಾಣುವುದು ಇದರಿಂದಲೇ. ಅಲ್ಲಿ ನಂಬಿದವರು ನಾವು, ಸಾಲಗಾರ ಬ್ಯಾಂಕು. ಎರಡು ಅರ್ಥಗಳ ತಳದಲ್ಲಿರುವುದು ಒಂದೇ ನಂಬಿಕೆ.

ಸಂಸ್ಕೃತದ ‘ಶ್ರದ್ಧಾ’ ಶಬ್ದವೂ ‘ಕ್ರೇದೆರೆ’ಯೂ ಒಂದೇ ಮೂಲದಿಂದ ಕವಲೊಡೆದವೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ತತ್ತ್ವಾರ್ಥಸೂತ್ರವು ಸಮ್ಯಗ್ದರ್ಶನವನ್ನು ಶ್ರದ್ಧೆಯಿಂದಲೇ ನಿರೂಪಿಸುತ್ತದೆ. ಸುಳ್ಳು ಬರಹವಾದ ಕೂಟಲೇಖಕ್ರಿಯೆಯನ್ನೂ, ಇಟ್ಟ ಒತ್ತೆಯನ್ನು ನುಂಗುವ ನ್ಯಾಸಾಪಹಾರವನ್ನೂ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಕನ್ನಡವೂ ಈ ಅರ್ಥವನ್ನು ಕಾಪಾಡಿಕೊಂಡಿದೆ. 1904ರ ಕಾಯಿದೆಯ ಬಳಿಕ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದಂತಹ ಸಂಘಗಳನ್ನು ನಾವು ‘ಪತ್ತಿನ ಸಹಕಾರ ಸಂಘ’ ಎನ್ನುತ್ತೇವೆ. ಪತ್ತು ಎಂದರೆ ವ್ಯವಹಾರದಲ್ಲಿ ಗಳಿಸಿದ ವಿಶ್ವಾಸ.

ಬಿ.ಕಾಂ. ಮುಗಿಸಿ ಅಂಗಡಿಯ ಲೆಕ್ಕ ವಹಿಸಿಕೊಂಡ ಹೊಸದರಲ್ಲಿ, ಗೌರಿಬಿದನೂರಿನ ಕಡೆಯ ರೈತರೊಬ್ಬರು ತೀರಿಸಿದ ಬಾಕಿಯನ್ನು ಜಮಾ ಬರೆಯಲು ನಾನು ಮರೆತೆನು. ಸುಗ್ಗಿಯಲ್ಲಿ ಮತ್ತೆ ಕೇಳಿದೆ. “ನಿಮ್ಮ ಪುಸ್ತಕದಲ್ಲಿ ಇಲ್ಲ ಅಂದ್ರೆ ಕೊಡ್ತೀನಿ ಸ್ವಾಮಿ” ಎಂದು ಅವರು ಎಣಿಸಿ ಕೊಟ್ಟರು. ತಿಂಗಳ ಮೇಲೆ ಹಳೆಯ ಚೀಟಿ ಸಿಕ್ಕಿತು. ತಂದೆಯವರು ಒಂದು ಮಾತೂ ಬೈಯದೆ ಹಣದೊಡನೆ ನನ್ನನ್ನು ಅವರ ಊರಿಗೆ ಕಳುಹಿಸಿದರು. ರೈತರು ಹಣ ಪಡೆದು ಮಜ್ಜಿಗೆ ಕೊಟ್ಟರು. ಆದರೆ ಮತ್ತೆಂದೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಅದು ಕೂಟಲೇಖವಲ್ಲ, ಪ್ರಮಾದ. ಆದರೂ ಹಣ ಹಿಂದಿರುಗಿದಷ್ಟು ಸುಲಭವಾಗಿ ಪತ್ತು ಹಿಂದಿರುಗಲಿಲ್ಲ. ಇಂದು ಮೊಬೈಲಿನಲ್ಲಿ ‘ಕ್ರೆಡಿಟ್ ಆಗಿದೆ’ ಎಂಬ ಸಂದೇಶ ಕಂಡಾಗಲೆಲ್ಲ, ಯಾರು ಯಾರನ್ನು ನಂಬಿದರೆಂದು ಕೇಳಿಕೊಳ್ಳುವ ಅಭ್ಯಾಸ ನನಗಾಗಿದೆ.