ಪ್ರಾಚೀನ ಯೆಹೂದ್ಯರೂ ಪರಲೋಕವೂ

ಸತ್ತ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಪ್ರಾಚೀನ ಯೆಹೂದ್ಯರು ಬಹುಕಾಲ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲವೆಂದರೆ, ಪುನರ್ಜನ್ಮದ ಮಾತು ಕೇಳುತ್ತಲೇ ಬೆಳೆದ ನಮಗೆ ಸೋಜಿಗವೆನಿಸೀತು. ಅವರ ಹಳೆಯ ಗ್ರಂಥಗಳಲ್ಲಿ ಕಾಣುವುದು ‘ಶಿಯೋಲ್’ ಎಂಬ ಪಾತಾಳ. ರಾಜನೂ ಆಳೂ, ಸಜ್ಜನನೂ ದುರ್ಜನನೂ ಹೋಗುವುದು ಅಲ್ಲಿಗೇ. ಅದು ನರಕವಲ್ಲ, ಬರಿಯ ಕತ್ತಲು, ಬರಿಯ ಮೌನ. ಏಂದೋರಿನ ಮಂತ್ರಗಾತಿಯ ಮೂಲಕ ಸೌಲ ರಾಜನು ಸಮುವೇಲನ ಪ್ರೇತವನ್ನು ಎಬ್ಬಿಸಿದಾಗ, ಆ ಪ್ರವಾದಿ ಮೊದಲು ಆಕ್ಷೇಪಿಸಿದ್ದೇ ತನ್ನ ನೆಮ್ಮದಿ ಕೆಡಿಸಿದ್ದನ್ನು! ದೇವರು ಒಲಿದು ಕೊಡುವ ಆಯುಸ್ಸು, ಸಂತಾನ, ಬೆಳೆ ಎಲ್ಲವೂ ಈ ಲೋಕದಲ್ಲಿಯೇ.

ಈ ಲೆಕ್ಕ ಬುಡಮೇಲಾದದ್ದು ಕ್ರಿ. ಪೂ. 167ರಲ್ಲಿ. ಸಿರಿಯವನ್ನಾಳುತ್ತಿದ್ದ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸನು ಸುನ್ನತಿಯನ್ನೂ ಸಬ್ಬತ್ ದಿನದ ಆಚರಣೆಯನ್ನೂ ನಿಷೇಧಿಸಿ, ಜೆರುಸಲೇಮಿನ ದೇವಾಲಯವನ್ನು ಜ್ಯೂಸ್ ದೇವತೆಯ ಹೆಸರಿಗೆ ಮಾಡಿದನು. ಧರ್ಮ ಬಿಟ್ಟವರು ಬದುಕಿದರು, ಹಿಡಿದವರು ಹತರಾದರು. ಸತ್ತವರ ಮಕ್ಕಳೂ ಉಳಿಯಲಿಲ್ಲ. ದೇವರು ನ್ಯಾಯವಂತನೆಂದಾದರೆ ಇವರ ಗತಿಯೇನು? ಸುಮಾರು ಕ್ರಿ. ಪೂ. 165ರಲ್ಲಿ ರೂಪುಗೊಂಡ ದಾನಿಯೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ: ಮಣ್ಣುಗೂಡಿದವರು ಎದ್ದು ಬರುತ್ತಾರೆ, ಕೆಲವರು ಬಾಳಿಗೆ, ಕೆಲವರು ಅವಮಾನಕ್ಕೆ. ಎಲ್ಲರೂ ಏಳುವರೆಂದು ಅಲ್ಲಿ ಹೇಳಿಲ್ಲ, ‘ಅನೇಕರು’ ಎಂದಷ್ಟೇ ಇದೆ. ಎರಡನೆಯ ಮಕ್ಕಬಿಯರ ಗ್ರಂಥದಲ್ಲಿ ಒಬ್ಬ ತಾಯಿಯ ಏಳು ಮಕ್ಕಳನ್ನು ಕೊಲ್ಲುವ ಕಥೆಯಿದೆ. ಅವರಲ್ಲೊಬ್ಬ ಕೈಗಳನ್ನು ಕತ್ತಿಗೊಡ್ಡಿ, ಇವನ್ನು ದೇವರಿಂದ ಮರಳಿ ಪಡೆವೆನೆನ್ನುತ್ತಾನೆ. ಆತ ಬಯಸಿದ್ದು ಆತ್ಮದ ಮುಕ್ತಿಯನ್ನಲ್ಲ, ತನ್ನವೇ ಕೈಗಳನ್ನು.

ಎಲ್ಲರೂ ಇದನ್ನೊಪ್ಪಲಿಲ್ಲ. ಪುರೋಹಿತ ಮನೆತನಗಳ ಸದ್ದುಕಾಯರು ಮೋಶೆಯ ಐದು ಗ್ರಂಥಗಳಲ್ಲಿ ಇದೆಲ್ಲಿದೆ ಎಂದು ಕೇಳಿದರು. ಉಳ್ಳವರಿಗೆ ಈ ಲೋಕವೇ ಸಾಕಾಗಿತ್ತೋ ಏನೋ! ಏಳು ಅಣ್ಣತಮ್ಮಂದಿರನ್ನು ಒಬ್ಬರ ಬಳಿಕೊಬ್ಬರಂತೆ ವರಿಸಿದ ವಿಧವೆ ಪುನರುತ್ಥಾನದಲ್ಲಿ ಯಾರ ಹೆಂಡತಿಯೆಂದು ಅವರು ಯೇಸುವನ್ನೇ ಕೆಣಕಿದ್ದುಂಟು. ಫರಿಸಾಯರು ಪುನರುತ್ಥಾನವನ್ನು ನಂಬಿದವರು. ಕ್ರಿ. ಶ. 70ರಲ್ಲಿ ದೇವಾಲಯ ನಾಶವಾದಾಗ ಸದ್ದುಕಾಯರು ಚರಿತ್ರೆಯಿಂದ ಮರೆಯಾದರು. ಫರಿಸಾಯರ ಮಾತೇ ನಿಂತಿತು. ಸುಮಾರು 200ರ ಮಿಷ್ನಾ ಗ್ರಂಥವು ಪುನರುತ್ಥಾನವನ್ನು ಅಲ್ಲಗಳೆಯುವವನಿಗೆ ಮುಂದಣ ಲೋಕದಲ್ಲಿ ಪಾಲಿಲ್ಲವೆಂದು ವಿಧಿಸಿತು.

ಹಾಗಾದರೆ ಪುನರ್ಜನ್ಮ? ಸಜ್ಜನರ ಆತ್ಮ ಬೇರೊಂದು ದೇಹವನ್ನು ಸೇರುತ್ತದೆಂದು ಫರಿಸಾಯರು ನಂಬುವುದಾಗಿ ಚರಿತ್ರೆಕಾರ ಜೋಸಿಫಸನು ಬರೆದಿದ್ದಾನೆ. ಆದರೆ ಅವನು ಬರೆದದ್ದು ಗ್ರೀಕ್ ಬಲ್ಲವರಿಗಾಗಿ. ಪುನರುತ್ಥಾನವನ್ನೇ ಅವರಿಗೆ ರುಚಿಸುವ ಮಾತಿನಲ್ಲಿ ಹೇಳಿದನೆಂದು ತಿಳಿಯುವುದೇ ಸರಿ. ಹತ್ತನೆಯ ಶತಮಾನದಲ್ಲಿಯೂ ಬಾಗ್ದಾದಿನ ಸಾದಿಯಾ ಗಾವೋನನು ಪುನರ್ಜನ್ಮವಾದವನ್ನು ಹುಚ್ಚುಮಾತೆಂದು ತಳ್ಳಿಹಾಕಿದನು. ಹನ್ನೆರಡನೆಯ ಶತಮಾನದ ಬಾಹಿರ್ ಗ್ರಂಥದಿಂದ ಮೊದಲುಗೊಂಡು ಕಬ್ಬಾಲಾ ಅನುಭಾವಿಗಳು ಅದನ್ನು ಒಳಗೆ ಬಿಟ್ಟುಕೊಂಡರು. ಅವರು ಅದಕ್ಕಿಟ್ಟ ಹೆಸರು ‘ಗಿಲ್ಗುಲ್’, ಅಂದರೆ ಉರುಳುವಿಕೆ. ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಮೈದುನನು ಮದುವೆಯಾಗಬೇಕೆಂಬ ಹಳೆಯ ಕಟ್ಟಳೆಗೂ ಅವರು ಹೊಸ ಅರ್ಥ ಹೇಳಿದರು: ಅವರಿಗೆ ಹುಟ್ಟುವ ಮಗು ಸತ್ತವನೇ.